ಕಡಲಿನ ಅಳತೆ ಮತ್ತು ಅಡಿಕೆಗೆ ಮದ್ದು ಬಿಡುವ ದಿನ

ಕೊಲ್ಲಮೊಗ್ರು, ಹರಿಹರ, ಕಲ್ಮಕಾರು ಭಾಗದ ಅಡಿಕೆ ಬೆಳೆಗಾರರಿಗೆ ಮೇ ತಿಂಗಳು ಲೆಕ್ಕಾಚಾರದ ಕಾಲ. ಮಹಾಳಿ ರೋಗಕ್ಕೆ ಮೊದಲ ಸಲದ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮುನ್ನವೇ ಸಿಂಪಡಿಸಬೇಕು. ತೀರಾ ಮುಂಚಿತವಾಗಿ ಬಿಟ್ಟರೆ ಮದ್ದಿನ ರಕ್ಷಣೆ ಒಣ ದಿನಗಳಲ್ಲೇ ಕಳೆದುಹೋಗುತ್ತದೆ. ತಡವಾದರೆ ಗೊನೆ ಒದ್ದೆ, ಮರ ಜಾರು, ಮರ ಏರುವವರೂ ಸಿಗುವುದಿಲ್ಲ. ಈ ದಿನವನ್ನು ಗೊತ್ತುಪಡಿಸಲು ದೂರದ ಕಡಲಿನಲ್ಲಿ ನಡೆಯುವ ಅಳತೆಗಳು ಹೇಗೆ ನೆರವಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಳತೆ ನಡೆಯುವ ಬಗೆ

ನಮ್ಮ ಮುಂಗಾರು ಮಳೆಯ ನೀರು ಬಹುಪಾಲು ಕಡಲಿನಿಂದ ಆವಿಯಾಗಿ ಬಂದುದು. ಆ ತೇವವನ್ನು ಹೊತ್ತ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ತಂಪಾದಾಗ ಮಳೆ ಸುರಿಯುತ್ತದೆ. ಹಿಂದೆ ಹಡಗುಗಳು ಸಾಗುವ ದಾರಿಯಲ್ಲಿ ಮಾತ್ರ ಕಡಲಿನ ಶಾಖ ತಿಳಿಯುತ್ತಿತ್ತು. 1982-83ರಲ್ಲಿ ಶಾಂತಸಾಗರದ ನೀರು ಬಿಸಿಯೇರಿದ ‘ಎಲ್ ನಿನೋ’ ಬಲಿತ ಮೇಲಷ್ಟೇ ವಿಜ್ಞಾನಿಗಳ ಗಮನಕ್ಕೆ ಬಂತು. ಬಳಿಕ ಅಲ್ಲಿ ಲಂಗರು ಹಾಕಿದ ತೇಲುವ ಮಾಪಕಗಳ ಸಾಲನ್ನೇ ಸ್ಥಾಪಿಸಲಾಯಿತು.

ಇಂದು ಜಗತ್ತಿನ ಸಾಗರಗಳಲ್ಲಿ ಸುಮಾರು 4000 ‘ಆರ್ಗೋ’ ಮಾಪಕಗಳಿವೆ. ಇವು 10 ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತಾ ನೀರಿನ ಶಾಖ ಮತ್ತು ಉಪ್ಪಿನಂಶವನ್ನು ಅಳೆದು ಉಪಗ್ರಹಕ್ಕೆ ತಿಳಿಸುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಇಂತಹ ಮಾಹಿತಿಯನ್ನು ಸಂಗ್ರಹಿಸಿ ಎಲ್ಲ ಸಂಶೋಧಕರಿಗೂ ಒದಗಿಸುತ್ತದೆ. ಮೀನುಗಾರರಿಗೆ ಮೀನು ಸಿಗುವ ತಾಣದ ಸೂಚನೆ, ಕರಾವಳಿಗೆ ಸುನಾಮಿ ಎಚ್ಚರಿಕೆ ಕೊಡುವುದೂ ಇದೇ ಕೇಂದ್ರ.

ಮುನ್ಸೂಚನೆಯನ್ನು ಓದುವ ಕ್ರಮ

ಗುಡುಗು ಸಹಿತ ಬಿದ್ದ ಒಂದೆರಡು ಮಳೆಯನ್ನೇ ಮುಂಗಾರೆಂದು ಭಾವಿಸಬಾರದು. ಮೇ 10ರ ಬಳಿಕ ಗೊತ್ತುಪಡಿಸಿದ 14 ಕೇಂದ್ರಗಳ ಪೈಕಿ ಶೇಕಡಾ 60ರಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು. ಜೊತೆಗೆ ಕಡಲ ಮೇಲಣ ಪಶ್ಚಿಮದ ಗಾಳಿಯ ಬಲವೂ ಮೋಡದ ದಟ್ಟಣೆಯೂ ನಿಗದಿತ ಮಟ್ಟ ಮುಟ್ಟಬೇಕು. ಆಗಲೇ ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರು ಪ್ರವೇಶವನ್ನು ಘೋಷಿಸುವುದು. ನಮ್ಮ ಮಂಗಳೂರು ಮತ್ತು ಕಾಸರಗೋಡಿನ ಕೂಡ್ಲು ಆ 14ರಲ್ಲಿ ಸೇರಿವೆ.

ಪ್ರವೇಶದ ದಿನವನ್ನು ಇಲಾಖೆ ಮೇ ಮಧ್ಯದ ಸುಮಾರಿಗೆ ತಿಳಿಸುತ್ತದೆ. ನಾಲ್ಕು ದಿನ ಹಿಂದೆ ಮುಂದೆ ಆಗಬಹುದು. 2023ರಲ್ಲಿ ಜೂನ್ 4 ಎಂದಿದ್ದುದು ಜೂನ್ 8ಕ್ಕೆ ಬಂತು. 2025ರಲ್ಲಿ ಮೇ 27 ಎಂದಿದ್ದುದು ಮೇ 24ಕ್ಕೇ, ಅಂದರೆ ಪತ್ತನಾಜೆಯ ಹೊತ್ತಿಗೇ ಬಂತು. ಆದುದರಿಂದ ತಿಳಿಸಿದ ದಿನದಿಂದ ನಾಲ್ಕು ದಿನ ಕಳೆದು, ಅದಕ್ಕೆ ಮೊದಲೇ ಸಿಂಪಡಣೆ ಮುಗಿಯುವಂತೆ ಆಳುಗಳನ್ನು ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಎಚ್ಚರಿಕೆಯ ಮಾತು

ಎಲ್ ನಿನೋ ವರ್ಷವೆಂದು ಮದ್ದು ಬಿಡದಿರುವುದು ಸರಿಯಲ್ಲ. 2023ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಯ ಶೇಕಡಾ 94ರಷ್ಟಿತ್ತು; ಆದರೆ ಅದು ಇಡೀ ದೇಶದ ಸರಾಸರಿ. ಮಹಾಳಿಗೆ ಬೇಕಾದುದು ವರ್ಷದ ಒಟ್ಟು ಮಳೆಯಲ್ಲ. ಎಡೆಬಿಡದ ಕೆಲವು ದಿನಗಳ ಮಳೆ, ತಂಪು ಮತ್ತು ತೇವ. ಘಟ್ಟದ ಬುಡದ ತೋಟಗಳಿಗೆ ಇವು ಕೊರತೆಯ ವರ್ಷದಲ್ಲೂ ಒದಗಬಹುದು.

ಕಡಲಿನ ಅಳತೆಗೂ ಮಿತಿಯಿದೆ. ಯಾವ ಗುಡ್ಡದ ಮೇಲೆ ಎಷ್ಟು ಮಳೆ ಎಂಬುದನ್ನು ಅದು ವಾರದ ಮೊದಲೇ ಹೇಳಲಾರದು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯ, ಹರಿಹರ, ಕೊಲ್ಲಮೊಗ್ರು ಭಾಗವನ್ನು ಕಾಡಿದ ನೆರೆ ಮತ್ತು ಗುಡ್ಡ ಕುಸಿತವನ್ನು ಯಾರೂ ಮರೆತಿಲ್ಲ.

ಬೆಳೆಗಾರರು ಮಾಡಬೇಕಾದುದು

1. ಮೈಲುತುತ್ತು, ಸುಣ್ಣಗಳನ್ನು ಮೇ ಆರಂಭದಲ್ಲೇ ತಂದಿರಿಸಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ ಬೇಕು.

2. ಎರಡನೆಯ ಸಿಂಪಡಣೆ 40-45 ದಿನಗಳ ಬಳಿಕ. ಆಗ ಗುರುವಾರದ ಎರಡು ವಾರಗಳ ಮುನ್ನೋಟವನ್ನೂ, ಮಂಗಳವಾರ ಮತ್ತು ಶುಕ್ರವಾರದ ಜಿಲ್ಲಾ ಕೃಷಿ ಹವಾಮಾನ ವರದಿಯನ್ನೂ ನೋಡಿ ಹೊಳವಾಗುವ ದಿನವನ್ನು ಆರಿಸಿ. ಮಳೆ ಮುಂದುವರಿದರೆ ಮೂರನೆಯದೂ ಅಗತ್ಯ.

3. ಅಂಗಳದಲ್ಲೊಂದು ಮಳೆಮಾಪಕವಿಟ್ಟು, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಕಡಲಿನ ಅಳತೆ ಮಳೆಯ ದಾರಿಯನ್ನು ತೋರಿಸುತ್ತದೆ. ನಿಮ್ಮ ತೋಟಕ್ಕೆ ಬಿದ್ದುದೆಷ್ಟು ಎಂಬುದನ್ನು ನಿಮ್ಮ ಪುಸ್ತಕವೇ ಹೇಳಬೇಕು.