ಸದ್ದಿಲ್ಲದ ದಾರಿಯಲ್ಲಿ ದಂಪತಿಗಳ ಸೈಕಲ್ ಸವಾರಿ

ದೇವನೂರು ಎಂದೊಡನೆ ಕನ್ನಡಿಗರಿಗೆ ಲಕ್ಷ್ಮೀಶ ಕವಿಯ ನೆನಪಾಗುತ್ತದೆ. ಜೈಮಿನಿ ಭಾರತವನ್ನು ರಚಿಸಿದ ಆ ಕವಿಯ ಇಷ್ಟದೈವವಾದ ಲಕ್ಷ್ಮೀಕಾಂತನ ಗುಡಿ ಇಂದಿಗೂ ಆ ಊರಿನಲ್ಲಿದೆ. ಧರ್ಮರಾಯನ ಯಜ್ಞದ ಕುದುರೆ ನಾಡುನಾಡುಗಳನ್ನು ಸುತ್ತಿದ ಕಥೆ ಆ ಕಾವ್ಯದಲ್ಲಿದೆ. ಈ ಪಾಠದಲ್ಲಿ ನಾವು ಅದೇ ಸೀಮೆಯಲ್ಲಿ ಕೈಗೊಳ್ಳಬಹುದಾದ ಒಂದು ಚಿಕ್ಕ ಸಂಚಾರವನ್ನು ಕುರಿತು ತಿಳಿಯೋಣ. ಇದಕ್ಕೆ ಕುದುರೆಯೂ ಬೇಡ, ಪೆಟ್ರೋಲೂ ಬೇಡ. ಮನೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವ ಸೈಕಲ್ಲು ಸಾಕು.

ಮೂಲೆ ಸೇರಿದ ಸೈಕಲ್ಲು

ಕರ್ನಾಟಕ ಸರ್ಕಾರವು 2006-07ನೇ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಹಳ್ಳಿಯ ಅನೇಕ ಹೆಣ್ಣುಮಕ್ಕಳು ಪ್ರೌಢಶಾಲೆಗೆ ಸೈಕಲ್ಲಿನಲ್ಲಿ ಹೋಗಿಬಂದರು. ಅಂದಿನ ಆ ಹುಡುಗಿಯರಲ್ಲಿ ಹಲವರು ಇಂದು ಗೃಹಿಣಿಯರು, ತಾಯಂದಿರು. ಆದರೆ ಮದುವೆಯಾದ ಮೇಲೆ ಸೈಕಲ್ ಹತ್ತಿದವರು ಎಷ್ಟು ಮಂದಿ? “ಸೊಸೆಯಾದವಳಿಗೆ ಇದು ಶೋಭೆಯಲ್ಲ” ಎಂಬ ಒಂದು ಮಾತಿಗೆ ಕಲಿತ ವಿದ್ಯೆ ನಿಂತುಹೋಗುತ್ತದೆ.

ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಅವರಲ್ಲಿ ಕೂಲಿಯವರೂ ಇದ್ದರು, ಕಲ್ಲುಗಣಿಯಲ್ಲಿ ದುಡಿಯುವವರೂ ಇದ್ದರು. ಆರಂಭದಲ್ಲಿ ಕೆಲವರು ನಕ್ಕರು. ಆದರೂ ಮಹಿಳೆಯರು ಬಿಡಲಿಲ್ಲ. ಬಸ್ಸಿಗಾಗಿ ಕಾಯುತ್ತಿದ್ದ ಕಾಲ ಅವರಿಗೆ ಉಳಿಯಿತು. ಅವರು ಮಾಡಿದ್ದು ನಮ್ಮಿಂದ ಆಗದ ಕೆಲಸವೇನಲ್ಲ.

ದೇಹಕ್ಕೆ ಆಗುವ ಪ್ರಯೋಜನ

ನಮ್ಮ ಹಿರಿಯರು ಸಂತೆಗೂ ಹೊಲಕ್ಕೂ ನಡೆದೇ ಹೋಗುತ್ತಿದ್ದರು. ಇಂದು ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ, ತೋಟದವರೆಗೆ ಮೋಟಾರ್ ಬೈಕ್ ಹೋಗುತ್ತದೆ. ಪಟ್ಟಣದವರ ಕಾಯಿಲೆಗಳೆಂದು ಭಾವಿಸಿದ್ದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಈಗ ಹಳ್ಳಿಗಳಲ್ಲಿಯೂ ಕಂಡುಬರುತ್ತಿವೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸೈಕಲ್ ತುಳಿದರೆ ಇಷ್ಟು ಪೂರೈಸುತ್ತದೆ. ಹೃದಯವೂ ಶ್ವಾಸಕೋಶವೂ ಬಲಗೊಳ್ಳುತ್ತವೆ. ದೇಹದ ಭಾರವು ಹದದಲ್ಲಿರುತ್ತದೆ. ನಿದ್ರೆ ಚೆನ್ನಾಗಿ ಬರುತ್ತದೆ.

“ಬೆಳಗಿನಿಂದ ಸಂಜೆಯವರೆಗೆ ಮನೆಗೆಲಸ ಮಾಡುವವಳಿಗೆ ವ್ಯಾಯಾಮವೇಕೆ?” ಎಂದು ಗೃಹಿಣಿಯರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಸೈಕಲ್ ಸವಾರಿಯು ದಣಿದವಳ ಮೇಲೆ ಮತ್ತೊಂದು ಹೊರೆಯಾಗಬಾರದು. ಆದುದರಿಂದ ಗಂಡನು ನೀರು ತರುವುದು, ಕೊಟ್ಟಿಗೆ ಗುಡಿಸುವುದು ಮುಂತಾದ ಕೆಲಸಗಳಲ್ಲಿ ಪಾಲು ತೆಗೆದುಕೊಂಡು ಹೆಂಡತಿಗೆ ಅರ್ಧ ಗಂಟೆಯ ಬಿಡುವನ್ನು ಮಾಡಿಕೊಡತಕ್ಕದ್ದು. ಸವಾರಿ ಅಲ್ಲಿಂದಲೇ ಆರಂಭವಾಗುತ್ತದೆ.

ದಾರಿಯ ಆಯ್ಕೆ

ಕಡೂರು ಸೀಮೆಯು ಬಾಬಾಬುಡನ್ ಗಿರಿಶ್ರೇಣಿಯ ಪೂರ್ವಕ್ಕೆ ಮಳೆ ಕಡಿಮೆಯಾಗುವ ಬಯಲಿನಲ್ಲಿದೆ. ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹಳ್ಳಗಳು ಕೂಡಿ ವೇದಾವತಿ ನದಿಯಾಗುವುದು ಈ ಸೀಮೆಯಲ್ಲಿಯೇ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಬಳಿಯ ಮದಗದಕೆರೆ ಹೆಸರಾಂತವು. ರಾಗಿಯ ಹೊಲ, ತೆಂಗು ಅಡಕೆಗಳ ತೋಟ, ಇವುಗಳ ನಡುವೆ ಬಂಡಿದಾರಿಗಳು ಹರಿದಿವೆ. ಬಯಲಿನ ಇಂತಹ ದಾರಿಗಳಲ್ಲಿ ಏರು ಕಡಿಮೆ. ಸೈಕಲ್ ತುಳಿಯುವುದು ಸುಲಭ.

ನೆದರ್ಲೆಂಡ್ಸ್ ದೇಶದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳನ್ನು ಬಹಳವಾಗಿ ನಿರ್ಮಿಸಿದ್ದಾರೆ. ವಾಹನಗಳಿಲ್ಲದ ದಾರಿ ನಮ್ಮ ಹಳ್ಳಿಗರಿಗೆ ಮನೆಯ ಬಾಗಿಲಲ್ಲಿಯೇ ಇದೆ. ಅದನ್ನು ಆಯ್ದುಕೊಳ್ಳುವ ಕ್ರಮ ಹೀಗಿದೆ:

1. ಕಡೂರು, ಬೀರೂರುಗಳ ಮೂಲಕ ಹಾದುಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯಾಗಲಿ, ಸಖರಾಯಪಟ್ಟಣದ ಮೂಲಕ ಹೋಗುವ ಕಡೂರು–ಚಿಕ್ಕಮಗಳೂರು ರಸ್ತೆಯಾಗಲಿ ಈ ಸವಾರಿಗೆ ತಕ್ಕುದಲ್ಲ. ಅಲ್ಲಿ ಬಸ್ಸು, ಲಾರಿಗಳ ಓಡಾಟ ಹೆಚ್ಚು.

2. ಊರಿನಿಂದ ತೋಟಕ್ಕೆ ಹೋಗುವ ದಾರಿ, ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗುವ ಬಂಡಿದಾರಿ, ಅಗಲವಾಗಿ ಗಟ್ಟಿಯಾಗಿರುವ ಕೆರೆಯ ಏರಿ, ಇವು ಒಳ್ಳೆಯವು. ಮೊದಲು ಒಮ್ಮೆ ನಡೆದು ನೋಡಿ, ಹಳ್ಳಕೊಳ್ಳಗಳನ್ನು ಗುರುತಿಸಿಕೊಳ್ಳಿ.

3. ಮಳೆ ಬಂದ ಮರುದಿನ ಎರೆಮಣ್ಣಿನ ದಾರಿಗೆ ಇಳಿಯಬೇಡಿ; ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಕೆರೆ ತುಂಬಿರುವಾಗ ನೆನೆದ ಏರಿಯ ಅಂಚಿಗೆ ಹೋಗಬೇಡಿ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೆ ರಾಗಿ, ಹುರುಳಿಯ ಮೆದೆ ಹರಡಿರುವ ಕಡೆ ಇಳಿದು ತಳ್ಳಿಕೊಂಡು ದಾಟಿ.

4. ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೆ ಸಂಜೆ ಬೆಳಕಿರುವಾಗ ಹೊರಡಿ. ಕತ್ತಲಾಗುವುದರೊಳಗೆ ಮನೆ ಸೇರಿ.

5. ಹೊರಡುವ ಮುನ್ನ ಬ್ರೇಕು, ಬೆಲ್ಲು, ಚಕ್ರದ ಗಾಳಿ ನೋಡಿಕೊಳ್ಳಿ. ಸೆರಗು, ದುಪಟ್ಟಾ, ಪಂಚೆಯ ಅಂಚು ಚೈನಿಗೆ ಸಿಕ್ಕದಂತೆ ಕಟ್ಟಿಕೊಳ್ಳಿ. ಕುಡಿಯುವ ನೀರು ಜೊತೆಯಲ್ಲಿರಲಿ.

ದಾರಿಯಲ್ಲಿ ಮಾತು

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮನೆ ತುಂಬ ಜನ. ಗಂಡಹೆಂಡಿರಿಗೆ ಬಿಡುವಾಗಿ ಮಾತನಾಡಲು ಸ್ಥಳವಿಲ್ಲ. ಒಂದು ಸಂಜೆ ಅವರು ಸೈಕಲ್ ನಿಲ್ಲಿಸಿ ಕೆರೆಯ ಏರಿಯ ಹೊಂಗೆಮರದ ಕೆಳಗೆ ಕುಳಿತಿದ್ದಾರೆ.

“ರೀ, ಪಾಪುವಿಗೆ ಇನ್ನೂ ವರ್ಷ ತುಂಬಿಲ್ಲ. ಬೇಗ ಇನ್ನೊಂದು ಆಗಲಿ ಎಂದು ಅತ್ತೆ ಹೇಳುತ್ತಿದ್ದಾರೆ. ನನಗೆ ಮೈಯಲ್ಲಿ ಇನ್ನೂ ಶಕ್ತಿ ಕೂಡಿಲ್ಲ.”

“ಇಷ್ಟು ದಿನ ನನಗೆ ಏಕೆ ಹೇಳಲಿಲ್ಲ?”

“ಎಲ್ಲರ ಎದುರಿಗೆ ಹೇಗೆ ಹೇಳಲಿ?”

ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗಿ ಕೇಳೋಣ. ಅಮ್ಮನಿಗೆ ನಾನೇ ತಿಳಿಸಿ ಹೇಳುತ್ತೇನೆ” ಎಂದನು.

ಹೀಗೆ ಮಾತು ಹೊರಡುವುದೇ ಈ ಸವಾರಿಯ ದೊಡ್ಡ ಲಾಭ. ಒಂದು ಹೆರಿಗೆಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ತಾಯಿಗೂ ಮಗುವಿಗೂ ಕ್ಷೇಮ. ಅದಕ್ಕಾಗಿ ವಂಕಿ, ನುಂಗುವ ಮಾತ್ರೆ, ನಿರೋಧ್, ಅಂತರಾ ಚುಚ್ಚುಮದ್ದು ಮುಂತಾದ ವಿಧಾನಗಳಿವೆ. ಯಾವುದು ತಮಗೆ ಹೊಂದುವುದೆಂಬುದನ್ನು ದಂಪತಿಗಳು ಪರಸ್ಪರ ಮಾತನಾಡಿ, ಆಶಾ ಕಾರ್ಯಕರ್ತೆಯನ್ನಾಗಲಿ ವೈದ್ಯರನ್ನಾಗಲಿ ಕೇಳಿ ನಿರ್ಧರಿಸಬೇಕು.

ಸಂಶಯಗಳಿಗೆ ಸಮಾಧಾನ

ಸೈಕಲ್ ತುಳಿದರೆ ಗರ್ಭಕೋಶ ಜಾರುತ್ತದೆಯೇ? ಆರೋಗ್ಯವಂತ ಸ್ತ್ರೀಗೆ ಈ ಭಯ ಬೇಡ. ಈಗಾಗಲೇ ಗರ್ಭಕೋಶ ಇಳಿದಿರುವ ತೊಂದರೆಯಿದ್ದವರು ಮೊದಲು ವೈದ್ಯರನ್ನು ಕಾಣಬೇಕು.

ವಂಕಿ ಹಾಕಿಸಿಕೊಂಡವರು ಸೈಕಲ್ ತುಳಿಯಬಹುದೇ? ತುಳಿಯಬಹುದು. ಸವಾರಿಯಿಂದ ಅದು ಜಾರುವುದಿಲ್ಲ.

ಗಂಡಸರ ಪುರುಷತ್ವಕ್ಕೆ ಕುಂದುಂಟೇ? ದಿನಕ್ಕೆ ಅರ್ಧ ಗಂಟೆಯ ಸವಾರಿಯಿಂದ ಅಂತಹ ಹೆದರಿಕೆ ಇಲ್ಲ. ಕುಳಿತ ಭಾಗ ಜೋಮು ಹಿಡಿದರೆ ಸೀಟನ್ನು ಸರಿಪಡಿಸಿಕೊಂಡು ನಡುನಡುವೆ ಇಳಿದು ನಡೆಯಬೇಕು.

ಪುರುಷ ಸಂತಾನಹರಣ ಚಿಕಿತ್ಸೆಯ ನಂತರ? ಎರಡು ದಿನಗಳ ಬಳಿಕ ಸಾಮಾನ್ಯ ಕೆಲಸ ಮಾಡಬಹುದು. ಸೈಕಲ್ಲನ್ನು ಮಾತ್ರ ಒಂದು ವಾರ ಕಳೆದ ಮೇಲೆ ಹತ್ತಬೇಕು. ಚಿಕಿತ್ಸೆಯ ಫಲ ಕೂಡಲೇ ಬಾರದಾದ್ದರಿಂದ ಮೂರು ತಿಂಗಳು ನಿರೋಧ್ ಅಥವಾ ಬೇರೆ ವಿಧಾನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಗರ್ಭಿಣಿಯರು? ಬಿದ್ದರೆ ಅಪಾಯವಾದ್ದರಿಂದ ನಡಿಗೆಯೇ ಲೇಸು. ಹೆರಿಗೆ ನೋವು ಕಾಣಿಸಿಕೊಂಡರೆ ಯಾವ ದ್ವಿಚಕ್ರ ವಾಹನವನ್ನೂ ನೆಚ್ಚದೆ 108ಕ್ಕೆ ಕರೆ ಮಾಡಿ. ಹೆರಿಗೆಯಾದವರು ವೈದ್ಯರ ಒಪ್ಪಿಗೆ ಪಡೆದು ಸವಾರಿಯನ್ನು ಮತ್ತೆ ಆರಂಭಿಸಲಿ.

ಬೇಗ ಏದುಸಿರು, ತಲೆಸುತ್ತು ಬಂದರೆ? ರಕ್ತಹೀನತೆಯಿರಬಹುದು. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿರಬಾರದು. ಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಮಾತ್ರೆಯನ್ನು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಎದೆನೋವು ಬಂದರೆ ಗಂಡಾಗಲಿ ಹೆಣ್ಣಾಗಲಿ ಸವಾರಿ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.

ದಂಪತಿಗಳು ಕೂಡಿ ಯೋಚಿಸಬೇಕಾದ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಬಸ್ಸು ಲಾರಿಗಳಿಲ್ಲದ ದಾರಿ ಯಾವುದು? ಅರ್ಧ ಗಂಟೆಯಲ್ಲಿ ಎಲ್ಲಿಯವರೆಗೆ ಹೋಗಿ ಬರಬಹುದು?

2. ಮನೆಯಾಕೆಗೆ ಬಿಡುವು ದೊರೆಯಲು ಯಜಮಾನನು ಯಾವ ಕೆಲಸ ವಹಿಸಿಕೊಳ್ಳುವನು?

3. ಮನೆಯಲ್ಲಿ ಆಡಲಾಗದೆ ಉಳಿದ ಯಾವ ಮಾತನ್ನು ದಾರಿಯಲ್ಲಿ ಆಡಬೇಕಾಗಿದೆ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಬೇರೆ ಯಾರಿಗೂ ಹೇಳಬೇಕಾಗಿಲ್ಲ. ನಿಮ್ಮಿಬ್ಬರಿಗೆ ತಿಳಿದರೆ ಸಾಕು. ಈ ಭಾನುವಾರವೇ ಸೈಕಲ್ಲಿನ ಧೂಳು ಒರೆಸಿ, ಚಕ್ರಕ್ಕೆ ಗಾಳಿ ತುಂಬಿಸಿ, ಒಮ್ಮೆ ಹೊರಟು ನೋಡಿ.