ಎಚ್ಚರ ತಪ್ಪಿಸುವವರ ಎಚ್ಚರ
(ಅರಿವಳಿಕೆ ಶಾಸ್ತ್ರದಿಂದ ಒಂದು ಪಾಠ)



ನಮ್ಮ ಸೀಮೆಯಲ್ಲಿ 'ಭೂಲ ಕೊಡುವುದು' ಎಂಬ ಮಾತು ರೂಢಿಯಲ್ಲಿದೆ. ಶಸ್ತ್ರಕ್ರಿಯೆಯ ಕಾಲಕ್ಕೆ ರೋಗಿಗೆ ನೋವು ತಿಳಿಯದಂತೆ ಮಾಡುವುದಕ್ಕೆ ಮರಾಠಿಯಲ್ಲಿರುವ ಈ ಹೆಸರನ್ನೇ ಗಡಹಿಂಗ್ಲಜ, ಇಚಲಕರಂಜಿಗಳ ಕಡೆಯ ಕನ್ನಡಿಗರೂ ಬಳಸುತ್ತಾರೆ. ಕನ್ನಡದಲ್ಲಿ ಇದಕ್ಕೆ 'ಅರಿವಳಿಕೆ' ಎಂದು ಹೆಸರು. ಅರಿವು ಅಳಿಯುವುದೇ ಅರಿವಳಿಕೆ. 'ಭೂಲ' ಎಂಬ ಶಬ್ದಕ್ಕಾದರೋ ಮರವೆ ಎಂಬ ಅರ್ಥವೂ ಉಂಟು, ತಪ್ಪು ಎಂಬ ಅರ್ಥವೂ ಉಂಟು. ರೋಗಿಗೆ ಮರವೆಯನ್ನು ತರುವ ಕೆಲಸದಲ್ಲಿ ತಪ್ಪು ನುಸುಳದಂತೆ ಕಾಯುವುದು ಹೇಗೆ? ಈ ಪಾಠದ ವಿಷಯ ಇಷ್ಟೇ.

ಒಂದು ವಾಟಗಾ ಹಾಲು

ಕೆಲವು ವರ್ಷಗಳ ಹಿಂದಿನ ಮಾತು. ಆರನೆಯ ಇಯತ್ತೆಯ ಬಾಲಕನೊಬ್ಬನಿಗೆ ಹರ್ನಿಯಾದ ಶಸ್ತ್ರಕ್ರಿಯೆ ಗೊತ್ತಾಗಿತ್ತು. ಹಿಂದಿನ ರಾತ್ರಿಯ ಊಟದ ತರುವಾಯ ಹುಡುಗನಿಗೆ ಏನನ್ನೂ ತಿನ್ನಿಸಬಾರದೆಂದು ವೈದ್ಯರು ಹೇಳಿ ಕಳಿಸಿದ್ದರು. ಆದರೆ ಅಜ್ಜಿಯ ಕರುಳು ಕೇಳಬೇಕಲ್ಲ! ಹಸಿದ ಮೊಮ್ಮಗನಿಗೆ ಬೆಳಗ್ಗೆ ಒಂದು ವಾಟಗಾ ಹಾಲು, ಎರಡು ಬಿಸ್ಕೀಟು ಕೊಟ್ಟಳು. ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯರು, "ಹುಡುಗ ಏನಾದರೂ ತಿಂದಿದ್ದಾನೆಯೇ?" ಎಂದು ಕೇಳಿದರು. ತಂದೆ ಸುಮ್ಮನಿದ್ದನು. ಹುಡುಗನೇ ಬಾಯಿಬಿಟ್ಟು, "ಅಜ್ಜಿ ಹಾಲು ಕೊಟ್ಟಾಳ್ರಿ" ಎಂದನು. ವೈದ್ಯರು ಅಂದಿನ ಶಸ್ತ್ರಕ್ರಿಯೆಯನ್ನು ಮುಂದೂಡಿದರು.

ತಂದೆ ಮಗ್ಗದ ಕೆಲಸಗಾರ. ಸಂಜೆ ನನ್ನಲ್ಲಿಗೆ ಬಂದು, "ಸರ್ರ, ಒಂದ್ ವಾಟಗಾ ಹಾಲಿನ ಸಲುವಾಗಿ ನನ್ನ ಒಂದ್ ದಿನದ ಪಗಾರ ಹೋತು" ಎಂದು ತನ್ನ ದುಃಖವನ್ನು ತೋಡಿಕೊಂಡನು. ಆಗ ನನಗೂ ವೈದ್ಯರು ಅತಿ ಕಠಿಣರಾದರೆಂದೇ ತೋರಿತು. ಮುಂದೆ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಮೇಲೆ ನನ್ನ ಎಣಿಕೆ ತಪ್ಪೆಂದು ಮನಗಂಡೆನು.

ಕಾರಣವಿಷ್ಟೆ. ನಾವು ಎಚ್ಚರವಾಗಿರುವಾಗ ಅನ್ನದ ಅಗುಳೊಂದು ಶ್ವಾಸನಾಳದ ಬಾಗಿಲಿಗೆ ಬಂದರೂ ಕೂಡಲೇ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ. ಗಂಟಲು ಹಗಲಿರುಳು ಕಾವಲು ಕಾಯುವ ದ್ವಾರಪಾಲಕನಿದ್ದಂತೆ. ಅರಿವಳಿಕೆಯ ಔಷಧದಿಂದ ರೋಗಿಯೊಡನೆ ಈ ದ್ವಾರಪಾಲಕನೂ ನಿದ್ರೆಹೋಗುತ್ತಾನೆ. ಆಗ ಹೊಟ್ಟೆಯಲ್ಲಿದ್ದ ಹಾಲು, ಆಹಾರಗಳು ಜಠರದ ಆಮ್ಲದೊಡನೆ ಮೇಲಕ್ಕೆ ಬಂದು ಪುಪ್ಪುಸಗಳಿಗೆ ಇಳಿದರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಮುಂಚಿತವಾಗಿ ಗೊತ್ತಾದ ಶಸ್ತ್ರಕ್ರಿಯೆಗೆ ಮುನ್ನ ಲಘು ಆಹಾರವನ್ನೂ ಆಕಳ, ಎಮ್ಮೆಗಳ ಹಾಲನ್ನೂ ಕನಿಷ್ಠ ೬ ತಾಸು, ತಾಯಿಯ ಎದೆಹಾಲನ್ನು ೪ ತಾಸು, ತಿಳಿನೀರನ್ನು ೨ ತಾಸು ಮೊದಲೇ ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಹಾಲು ನೋಡಲು ನೀರಿನಂತಿದ್ದರೂ ಹೊಟ್ಟೆಯಲ್ಲಿ ಗಟ್ಟಿ ಆಹಾರದಂತೆಯೇ ನಿಲ್ಲುತ್ತದೆ. ಆಯಾ ರೋಗಿಯ ವೈದ್ಯರು ಹೇಳಿದ ವೇಳೆಯನ್ನೇ ಪಾಲಿಸತಕ್ಕದ್ದು.

ಔಷಧದ ಎರಡು ಮುಖ

ಅರಿವಳಿಕೆ ಇಲ್ಲದ ಕಾಲದಲ್ಲಿ ರೋಗಿಯನ್ನು ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಂಡು ಕೊಯ್ಯಬೇಕಾಗುತ್ತಿತ್ತು. ೧೮೪೬ನೆಯ ಇಸವಿಯ ಅಕ್ಟೋಬರ ೧೬ರಂದು ಅಮೇರಿಕೆಯ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯಿಂದ ರೋಗಿಗೆ ನೋವು ತಿಳಿಯದಂತೆ ಮಾಡಿ ತೋರಿಸಿದನು. ಈ ಸುದ್ದಿ ಸಮುದ್ರವನ್ನು ದಾಟಿ ಬರಲು ತಡವಾಗಲಿಲ್ಲ. ೧೮೪೭ರ ಮಾರ್ಚಿನಲ್ಲಿಯೇ ಕಲಕತ್ತೆಯಲ್ಲಿ ಈಥರಿನ ಪ್ರಯೋಗವಾಯಿತು. ಅದೇ ವರ್ಷದ ನವೆಂಬರದಲ್ಲಿ ಎಡಿನ್‌ಬರೋದ ಸಿಂಪ್ಸನ್ ಎಂಬ ವೈದ್ಯನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಇದು ಸುವಾಸನೆಯುಳ್ಳದ್ದು, ಬೇಗ ನಿದ್ರೆ ತರುವಂಥದು. ಜನರು ಇದನ್ನು ವರವೆಂದೇ ಬಗೆದರು.

ಆದರೆ ಮೂರು ತಿಂಗಳು ತುಂಬುವ ಮೊದಲೇ, ೧೮೪೮ರ ಜನೆವರಿ ೨೮ರಂದು, ಇಂಗ್ಲಂಡಿನ ನ್ಯೂಕ್ಯಾಸಲ್ ನಗರದ ಬಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಬಾಲೆ ಕ್ಲೋರೋಫಾರ್ಮಿನ ಆವಿಯನ್ನು ಸೇವಿಸಿ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಕೆಗೆ ಆಗಬೇಕಾಗಿದ್ದುದು ಕಾಲ್ಬೆರಳಿನ ಉಗುರನ್ನು ತೆಗೆಯುವ ಸಣ್ಣ ಶಸ್ತ್ರಕ್ರಿಯೆ. ವಿದ್ಯಾರ್ಥಿಗಳೇ, ಆಕೆ ನಿಮ್ಮ ಹತ್ತನೆಯ ಇಯತ್ತೆಯ ವಯಸ್ಸಿನವಳು. ಸಣ್ಣ ಶಸ್ತ್ರಕ್ರಿಯೆ ಉಂಟು, ಸಣ್ಣ ಅರಿವಳಿಕೆ ಎಂಬುದಿಲ್ಲ ಎಂಬ ಪಾಠವನ್ನು ಲೋಕವು ಆಕೆಯ ಮರಣದಿಂದ ಕಲಿಯಬೇಕಾಯಿತು.

ಹೈದರಾಬಾದಿನ ಪ್ರಯೋಗಗಳು

ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿವಾದ ಮುಂದೆ ಬಹುಕಾಲ ನಡೆಯಿತು. ಈ ವಿವಾದದ ದೊಡ್ಡ ಪರೀಕ್ಷೆ ನಡೆದದ್ದು ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲಿ. ರಾಯಚೂರು, ಕಲಬುರ್ಗಿ, ಬೀದರಗಳ ಕನ್ನಡ ಸೀಮೆಯು ಯಾವ ರಾಜ್ಯದಲ್ಲಿ ಸೇರಿತ್ತೋ ಆ ನಿಜಾಮರ ರಾಜಧಾನಿಯಲ್ಲಿ. ಅಲ್ಲಿಯ ವೈದ್ಯಕೀಯ ಶಾಲೆಯ ಮುಖ್ಯಸ್ಥನಾದ ಎಡ್ವರ್ಡ್ ಲಾರಿ ಎಂಬವನು ೧೮೮೮ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಸಿ, ಮೊದಲು ನಿಲ್ಲುವುದು ಉಸಿರೇ ಎಂದು ಸಾರಿದನು. ಲಂಡನ್ನಿನ ವೈದ್ಯರು ಒಪ್ಪಲಿಲ್ಲ. ಆಗ ನಿಜಾಮರು ೧,೦೦೦ ಪೌಂಡುಗಳನ್ನು ಕೊಟ್ಟು, ಅಲ್ಲಿಂದಲೇ ಒಬ್ಬ ತಜ್ಞನನ್ನು ಕರೆಸಿದರು. ಲಾಡರ್ ಬ್ರಂಟನ್ ಎಂಬ ವಿದ್ವಾಂಸನು ಬಂದು ೧೮೮೯ರಲ್ಲಿ ನೂರಾರು ಪ್ರಾಣಿಗಳ ಮೇಲೆ ಮತ್ತೆ ಪರೀಕ್ಷೆ ನಡೆಯಿತು. ಲಾರಿಯ ಮತವೇ ಗೆದ್ದಿತು. ಉಸಿರನ್ನೇ ನೋಡುತ್ತಿರಿ, ನಾಡಿಯ ಚಿಂತೆ ಬೇಡ ಎಂಬುದು ಅವನ ಬೋಧನೆಯಾಯಿತು.

ಈ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅರ್ಧ ತಪ್ಪಿತ್ತು. ಉಸಿರಿನ ಮೇಲೆ ಕ್ಷಣಕ್ಷಣಕ್ಕೂ ಕಣ್ಣಿಡಬೇಕೆಂಬುದು ಇಂದಿಗೂ ಸತ್ಯ. ಆದರೆ ೧೯೧೧ರಲ್ಲಿ ಲೆವಿ ಎಂಬ ಇಂಗ್ಲಿಷ್ ವೈದ್ಯನು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮನ್ನು ಅರೆಬರೆಯಾಗಿ ಕೊಟ್ಟಾಗ ಅಡ್ರಿನಲೀನ್ ರಸವು ರಕ್ತಕ್ಕೆ ಸೇರಿದರೆ ಹೃದಯದ ಬಡಿತವು ಅಡ್ಡಾದಿಡ್ಡಿಯಾಗಿ ಒಮ್ಮೆಲೇ ನಿಲ್ಲಬಹುದೆಂದು ತೋರಿಸಿಕೊಟ್ಟನು. ಭಯವಾದಾಗ ನಮ್ಮ ಶರೀರದಲ್ಲಿ ಒಸರುವುದು ಇದೇ ರಸ. ಆದುದರಿಂದ ಉಸಿರನ್ನೂ ನೋಡಬೇಕು, ನಾಡಿಯನ್ನೂ ನೋಡಬೇಕು. ನೂರಾರು ಪ್ರಯೋಗಗಳಿಂದ ಬಂದ ತೀರ್ಮಾನವೂ ತಪ್ಪಾಗಿರಬಹುದು, ಮತ್ತೆ ಪರೀಕ್ಷಿಸುವವರು ಬೇಕು. ಇದಕ್ಕೇ ಸಂಶೋಧನೆ ಎಂದು ಹೆಸರು. ಇಂದು ಅರಿವಳಿಕೆಗೆ ಕ್ಲೋರೋಫಾರ್ಮಿನ ಬಳಕೆಯೇ ನಿಂತುಹೋಗಿದೆ.

ಅದೇ ಹೈದರಾಬಾದಿನ ವೈದ್ಯಕೀಯ ಶಾಲೆಗೆ ೧೮೮೫ರಲ್ಲಿ ಸೇರಿದ ಮೊದಲ ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯಿದ್ದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರಿಗೆ ಹೆಸರಾಗಿದೆ. ವರ್ಷಗಟ್ಟಲೆ ಕ್ಲೋರೋಫಾರ್ಮನ್ನು ಕೊಟ್ಟು ಕೈಪಳಗಿದ ಮೇಲೂ ತಮ್ಮ ವಿದ್ಯೆ ಸಾಲದೆಂದು ಬಗೆದು ಅವರು ೧೯೦೯ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಅಭ್ಯಸಿಸಿದರು. ಆವಿ ಎಂದರೇನು, ಒತ್ತಡವೆಂದರೇನು ಎಂಬುದನ್ನು ತಿಳಿಯದೆ ಆವಿಯನ್ನು ಕೊಡುವುದು ಹೇಗೆ? ವಿಜ್ಞಾನದ ತಾಸಿನಲ್ಲಿ ಆಕಳಿಸುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಇಂದಿನ ಶಿಕ್ಷಣದ ಮಟ್ಟ

ಇಂದು ನಮ್ಮ ದೇಶದಲ್ಲಿ ಅರಿವಳಿಕೆ ತಜ್ಞರಾಗಬಯಸುವವರು ಹನ್ನೆರಡನೆಯ ಇಯತ್ತೆಯ ತರುವಾಯ ಐದೂವರೆ ವರ್ಷ ಎಂ. ಬಿ. ಬಿ. ಎಸ್. ಓದಬೇಕು, ಅದರ ಮೇಲೆ ಮೂರು ವರ್ಷ ಎಂ. ಡಿ. ಪದವಿಯ ಅಭ್ಯಾಸ ಮಾಡಬೇಕು. ಈ ಮೂರು ವರ್ಷಗಳೂ ಹಿರಿಯರ ಕಣ್ಗಾವಲಿನಲ್ಲಿ ಕೈಯಾರೆ ಕೆಲಸ ಮಾಡಿ ಕಲಿಯುವಂಥವು. ಈ ತಜ್ಞರ ಅಖಿಲ ಭಾರತೀಯ ಸಂಘವು ೧೯೪೭ರಲ್ಲಿಯೇ ಸ್ಥಾಪಿತವಾಗಿದೆ.

ಆದರೆ ತಜ್ಞರು ಹೆಚ್ಚಾಗಿ ನಗರಗಳಲ್ಲಿಯೇ ನೆಲೆಸುವುದರಿಂದ, ತಾಲೂಕಿನ ಊರುಗಳಲ್ಲಿ ಹೆರಿಗೆ ಕಷ್ಟವಾದ ತಾಯಂದಿರಿಗೆ ಸಕಾಲಕ್ಕೆ ಶಸ್ತ್ರಕ್ರಿಯೆ ದೊರೆಯದೆ ಹೋಗುವ ಪ್ರಸಂಗಗಳುಂಟು. ಇದಕ್ಕೆ ಪರಿಹಾರವಾಗಿ ಕೇಂದ್ರ ಸರಕಾರವು ಸಾಮಾನ್ಯ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ೧೮ ವಾರಗಳ ತರಬೇತಿಯನ್ನು ಏರ್ಪಡಿಸಿತು. ಮೂರು ವರ್ಷಗಳ ಮುಂದೆ ೧೮ ವಾರಗಳೆಂದರೆ ಎಷ್ಟರವು ಎಂದು ಕೇಳಬಹುದು, ಪ್ರಶ್ನೆ ನ್ಯಾಯವಾದದ್ದೇ. ಈ ತರಬೇತಿಯು ಹೆರಿಗೆಯ ತುರ್ತು ಪ್ರಸಂಗಗಳಿಗಾಗಿ ಇದೆಯೇ ಹೊರತು ಎಲ್ಲ ಬಗೆಯ ಶಸ್ತ್ರಕ್ರಿಯೆಗಳಿಗಲ್ಲ. ತನ್ನ ವಿದ್ಯೆಯ ಎಲ್ಲೆಯನ್ನು ಅರಿತು, "ಇದು ನನ್ನಿಂದಾಗದು, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ" ಎಂದು ಹೇಳಬಲ್ಲ ವೈದ್ಯನೇ ಸುರಕ್ಷಿತ ವೈದ್ಯ. ಅಂಥವರು ಹಾಗೆ ಹೇಳಿದಾಗ ಅವರನ್ನು ಅಸಮರ್ಥರೆಂದು ಹಳಿಯಬಾರದು.

ತಪ್ಪನ್ನು ಒಪ್ಪಿಕೊಂಡವರ ಉಪಕಾರ

೧೯೭೮ರಲ್ಲಿ ಅಮೇರಿಕೆಯ ಬಾಸ್ಟನ್ನಿನಲ್ಲಿ ಜೆಫ್ರಿ ಕೂಪರ್ ಎಂಬ ಇಂಜಿನಿಯರನೂ ಅವನ ಸಂಗಡಿಗರೂ ಒಂದು ಅಪೂರ್ವ ಅಧ್ಯಯನವನ್ನು ಪ್ರಕಟಿಸಿದರು. ಅರಿವಳಿಕೆ ಕೊಡುವವರನ್ನೇ ಕೂಡಿಸಿಕೊಂಡು, ನಿಮ್ಮ ಕೈಯಿಂದಲೋ ನಿಮ್ಮ ಕಣ್ಣೆದುರೋ ನಡೆದ, ತಪ್ಪಿಸಬಹುದಾಗಿದ್ದ ಅವಘಡಗಳನ್ನು ಹೇಳಿರಿ ಎಂದು ಕೇಳಿದರು. ಅವರು ಮುಚ್ಚಿಡದೆ ಹೇಳಿದ ೩೫೯ ಪ್ರಸಂಗಗಳಲ್ಲಿ ನೂರಕ್ಕೆ ೮೨ ಮನುಷ್ಯರ ತಪ್ಪಿನಿಂದಾದವು: ನಳಿಗೆಯ ಜೋಡಣೆ ಕಳಚಿಕೊಂಡಿದ್ದುದನ್ನು ನೋಡದಿರುವುದು, ಒಂದು ಸಿರಿಂಜಿನ ಬದಲು ಇನ್ನೊಂದನ್ನು ತೆಗೆದುಕೊಳ್ಳುವುದು, ಇಂಥವು. ಅವರು ಹೇಳದೆ ಇದ್ದಿದ್ದರೆ ಮುಂದಿನವರು ಅವೇ ತಪ್ಪುಗಳನ್ನು ಮಾಡುತ್ತಿದ್ದರು.

ಇಂಥ ವಿಚಾರಗಳ ಫಲವಾಗಿ ೧೯೮೬ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಗಳ ನಿಯಮಗಳು ಪ್ರಕಟವಾದವು. ಅರಿವಳಿಕೆ ಕೊಟ್ಟವರು ಶಸ್ತ್ರಕ್ರಿಯೆ ಮುಗಿಯುವವರೆಗೆ ರೋಗಿಯ ಬಳಿಯಿಂದ ಕದಲಬಾರದು. ರಕ್ತದ ಒತ್ತಡ, ಹೃದಯದ ಬಡಿತಗಳನ್ನು ಕನಿಷ್ಠ ೫ ನಿಮಿಷಕ್ಕೊಮ್ಮೆಯಾದರೂ ಅಳೆಯಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಈ ಕಾವಲಿಗೆ ಒಂದು ಪುಟ್ಟ ಯಂತ್ರವೂ ನೆರವಾಯಿತು. ೨೦೨೦-೨೧ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಮೀಟರನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ೧೯೭೦ರ ದಶಕದಲ್ಲಿ ಜಪಾನಿನ ತಾಕುವೊ ಅವೋಯಾಗಿ ಎಂಬ ಇಂಜಿನಿಯರನು ಇದರ ತತ್ತ್ವವನ್ನು ಕಂಡುಹಿಡಿದನು. ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅದು ತೋರಿಸುತ್ತದೆ. ಕಡಿಮೆಯಾದರೆ ಶಸ್ತ್ರಕ್ರಿಯೆಯ ಕೋಣೆಯ ಯಂತ್ರವು ಕೂಗಿ ಎಚ್ಚರಿಸುತ್ತದೆ.

ಇಚಲಕರಂಜಿಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ವಿದ್ಯುನ್ಮಗ್ಗದಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗವು ತಾನಾಗಿ ನಿಲ್ಲುವ ಏರ್ಪಾಡುಂಟು. ಆದರೆ ಹರಿದ ಎಳೆಯನ್ನು ಕೂಡಿಸಲು ನೇಕಾರನೇ ಬರಬೇಕು. ಅವನು ಅಲ್ಲಿಲ್ಲದಿದ್ದರೆ ಬಟ್ಟೆ ಮುಂದುವರಿಯದು. ನಷ್ಟ ಅಷ್ಟಕ್ಕೇ ಮುಗಿಯಿತು. ಇಲ್ಲಿಯಾದರೋ ಆಮ್ಲಜನಕವಿಲ್ಲದೆ ಕೆಲವೇ ನಿಮಿಷ ಕಳೆದರೂ ಮೆದುಳು ಮತ್ತೆ ಸರಿಪಡಿಸಲಾರದಷ್ಟು ಕೆಡುತ್ತದೆ. ಯಂತ್ರವು ಕೂಗಬಲ್ಲದು, ಕಾಯಬೇಕಾದವನು ಮನುಷ್ಯನೇ.

೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೧೯ ಅಂಶಗಳ ಒಂದು ತಪಾಸಣೆಯ ಪಟ್ಟಿಯನ್ನು ಸಿದ್ಧಪಡಿಸಿತು. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಒಯ್ಯುವ ಮೊದಲು, ಹೀಗೆ ಮೂರು ಸಲ ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಿ ಒಪ್ಪಿಸತಕ್ಕದ್ದು. ಇದನ್ನು ದಿಲ್ಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಟ್ಟಿಯ ಮೊದಲು ೩,೭೩೩ ರೋಗಿಗಳಲ್ಲಿ ಮರಣದ ಪ್ರಮಾಣ ನೂರಕ್ಕೆ ೧.೫ ಇದ್ದುದು, ಪಟ್ಟಿಯ ತರುವಾಯ ೩,೯೫೫ ರೋಗಿಗಳಲ್ಲಿ ೦.೮ಕ್ಕೆ ಇಳಿಯಿತು. ಒಂದು ಹಾಳೆ ಕಾಗದ, ಅದನ್ನು ಪ್ರಾಮಾಣಿಕವಾಗಿ ಓದುವ ಬಾಯಿ: ಇಷ್ಟರಿಂದ ಇಷ್ಟು ಜೀವ!

ಪಾಲಕರ ಪಾಲಿನ ಕರ್ತವ್ಯ

ತಜ್ಞರ ವಿದ್ಯೆ, ಯಂತ್ರ, ಪಟ್ಟಿ ಇವೆಲ್ಲ ಇದ್ದರೂ ಒಂದು ಸಂಗತಿ ನಮ್ಮ ಕೈಯಲ್ಲಿಯೇ ಉಳಿದಿದೆ. ಅದು ನಿಜ ಹೇಳುವುದು. ವೈದ್ಯರು ಕೇಳುವ ಮೊದಲೇ ಇವನ್ನು ಹೇಳಿರಿ: ಕೊನೆಗೆ ತಿಂದದ್ದು, ಕುಡಿದದ್ದು ಯಾವಾಗ; ಹಿಂದೆ ಅರಿವಳಿಕೆ ಆಗಿದ್ದರೆ ಆಗ ತೊಂದರೆಯಾಯಿತೇ; ಮನೆತನದಲ್ಲಿ ಯಾರಿಗಾದರೂ ಹಾಗಾಗಿತ್ತೇ; ಉಬ್ಬಸ, ನೆಗಡಿ, ಜ್ವರ ಇವೆಯೇ; ಯಾವ ಗುಳಿಗೆಗಳು ನಡೆದಿವೆ. ದೊಡ್ಡವರು ಬೀಡಿ, ತಂಬಾಕು, ಮಿಶ್ರಿಗಳನ್ನು ನಾಚಿಕೆಯಿಂದ ಮುಚ್ಚಿಡಬಾರದು. ಮಕ್ಕಳೇ, ನಿಮ್ಮ ಹಾಲುಹಲ್ಲು ಅಲ್ಲಾಡುತ್ತಿದ್ದರೆ ಅದನ್ನೂ ಹೇಳಿರಿ. ನಿದ್ರೆಯಲ್ಲಿ ಉದುರಿ ಶ್ವಾಸನಾಳಕ್ಕೆ ಬಿದ್ದೀತು.

ನಮ್ಮ ಹುಡುಗನ ಶಸ್ತ್ರಕ್ರಿಯೆ ಮುಂದಿನ ವಾರ ಸುಸೂತ್ರವಾಗಿ ನಡೆಯಿತು. ಅವನು ಶಾಲೆಗೆ ಮರಳಿದ ದಿನ ನಾನು ವರ್ಗದಲ್ಲಿ ಅವನ ಮಾತನ್ನು ಎಲ್ಲರಿಗೂ ತಿಳಿಸಿದೆನು. ಅಜ್ಜಿಯ ಮಮತೆ ದೊಡ್ಡದು, ಸಂಶಯವಿಲ್ಲ. ಆದರೆ ಆ ದಿನ ಅವನನ್ನು ಕಾಪಾಡಿದ್ದು ಅವನೇ ನುಡಿದ ಸತ್ಯ. ಆ ತಂದೆಗೆ ಒಂದು ದಿನದ ಪಗಾರ ಹೋಯಿತು; ಬದಲಿಗೆ ಉಳಿದದ್ದೇನು ಎಂಬುದನ್ನು ಓದುಗರೇ ತೂಗಿ ನೋಡಲಿ.

ಅಭ್ಯಾಸ

೧. ಶಸ್ತ್ರಕ್ರಿಯೆಗೆ ಮುನ್ನ ಹಾಲನ್ನು ನೀರೆಂದು ಎಣಿಸಬಾರದೇಕೆ?
೨. ಹೈದರಾಬಾದಿನ ತೀರ್ಮಾನದಲ್ಲಿ ಸತ್ಯವಾದದ್ದು ಯಾವುದು, ತಪ್ಪಾದದ್ದು ಯಾವುದು?
೩. ೩೫೯ರಲ್ಲಿ ನೂರಕ್ಕೆ ೮೨ ಎಂದರೆ ಸುಮಾರು ಎಷ್ಟು ಪ್ರಸಂಗಗಳು? ಲೆಕ್ಕ ಮಾಡಿರಿ.
೪. ನೀವು ಮಾಡಿದ ಒಂದು ತಪ್ಪನ್ನು ಒಪ್ಪಿಕೊಂಡುದರಿಂದ ಇತರರಿಗೆ ಆದ ಉಪಕಾರವನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.