ಹೊಗೆಗೆ ತೆರಿಗೆ ಹಾಕಿದರೆ ಸಾಕೇ?

ಪ್ರಶ್ನೆ: ಹವಾಮಾನ ಬದಲಾವಣೆ ತಡೆಯಲು ಇಂಗಾಲಕ್ಕೆ ಬೆಲೆ ಕಟ್ಟಬೇಕು ಎನ್ನುತ್ತಾರೆ. ಇದರಿಂದ ನಿಜಕ್ಕೂ ಹೊಗೆ ಕಡಿಮೆಯಾಗುತ್ತದೆಯೇ, ಅಥವಾ ನಮ್ಮ ಜೇಬಿಗೆ ಕತ್ತರಿ ಬೀಳುವುದಷ್ಟೇ ಲಾಭವೇ?

ಉತ್ತರ: ಕಡಿಮೆಯಾಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಲೆಕ್ಕ ಹಾಕಿಯೇ ನೋಡೋಣ. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ 1,000 ರೂಪಾಯಿ ತೆರಿಗೆ ಎಂದಿಟ್ಟುಕೊಳ್ಳಿ. ಕಲ್ಲಿದ್ದಲು ಉರಿಸಿ ಒಂದು ಯೂನಿಟ್ ವಿದ್ಯುತ್ ತಯಾರಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಯೂನಿಟ್‌ಗೆ ಸುಮಾರು ಒಂದು ರೂಪಾಯಿ ಹೆಚ್ಚು. ಪೈಸೆ ಪೈಸೆಗೂ ಚೌಕಾಸಿ ನಡೆಯುವ ವಿದ್ಯುತ್ ಖರೀದಿಯಲ್ಲಿ ಇದು ಸಣ್ಣ ಮೊತ್ತವಲ್ಲ. ಈ ಹೊರೆಯಿಲ್ಲದ ಗಾಳಿ, ಸೌರ ವಿದ್ಯುತ್ತಿನ ಕಡೆಗೆ ಖರೀದಿ ತಾನಾಗಿ ವಾಲುತ್ತದೆ.

ಅದೇ ತೆರಿಗೆಯನ್ನು ಪೆಟ್ರೋಲಿಗೆ ಹಾಕಿ. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ, ತೆರಿಗೆ ಎರಡು ರೂಪಾಯಿ ಮೂವತ್ತು ಪೈಸೆ. ಬೈದುಕೊಂಡೇ ಹಾಕಿಸುತ್ತೇವೆ, ಸ್ಕೂಟರ್ ಬಿಡುವುದಿಲ್ಲ. ಬಿಡಬೇಕಾದರೆ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕು. ಅದು ತೆರಿಗೆಯಿಂದ ತಾನಾಗಿ ಬರುವುದಿಲ್ಲ, ಸರ್ಕಾರವೇ ಬಿಡಬೇಕು.

ಸ್ವೀಡನ್ 1991ರಲ್ಲೇ ಇಂಗಾಲದ ತೆರಿಗೆ ತಂದಿತು. ಜೊತೆಜೊತೆಗೇ ಆದಾಯ ತೆರಿಗೆ ಇಳಿಸಿತು. ಅಲ್ಲಿನ ಊರುಗಳಲ್ಲಿ ಒಂದೇ ದೊಡ್ಡ ಬಾಯ್ಲರಿನಿಂದ ಕೊಳವೆ ಮೂಲಕ ಮನೆಮನೆಗೆ ಬಿಸಿನೀರು ಹರಿಸಿ ಚಳಿಗಾಲ ಕಳೆಯುವ ಪದ್ಧತಿ ಮೊದಲೇ ಇತ್ತು. ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ ಅದು 1948ರಲ್ಲೇ ಶುರುವಾಗಿತ್ತು. ತೆರಿಗೆ ಬಂದ ಮೇಲೆ ಬಾಯ್ಲರುಗಳಲ್ಲಿ ಎಣ್ಣೆ, ಕಲ್ಲಿದ್ದಲಿನ ಜಾಗಕ್ಕೆ ಮರದ ಚಕ್ಕೆ, ಸಾಮಿಲ್ಲಿನ ತ್ಯಾಜ್ಯ ಬಂದವು. ಮನೆಯವರು ಏನನ್ನೂ ಬದಲಿಸಬೇಕಾಗಲಿಲ್ಲ. 1990ಕ್ಕೆ ಹೋಲಿಸಿದರೆ ಆ ದೇಶದ ಹೊಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ. ಆರ್ಥಿಕತೆ ಮಾತ್ರ ಬೆಳೆದಿದೆ.

ಕೆನಡಾದ ಕತೆ ಬೇರೆ. 2019ರಲ್ಲಿ ಕೇಂದ್ರ ಸರ್ಕಾರ ಇಂಧನದ ಮೇಲೆ ಶುಲ್ಕ ಹೇರಿತು. ಬಂದ ಹಣದ ಬಹುಪಾಲನ್ನು ಕುಟುಂಬಗಳಿಗೇ ಮರಳಿಸಿತು. ಆದರೂ ಜನರ ಕಣ್ಣಿಗೆ ಬಿದ್ದದ್ದು ಬಂಕಿನ ದರವೇ ಹೊರತು ಖಾತೆಗೆ ಬಂದ ಹಣವಲ್ಲ. 2025ರ ಏಪ್ರಿಲ್ 1ರಿಂದ ಜನಸಾಮಾನ್ಯರ ಮೇಲಿನ ಶುಲ್ಕ ರದ್ದಾಯಿತು. ದೊಡ್ಡ ಕೈಗಾರಿಕೆಗಳ ಮೇಲಿನದು ಉಳಿಯಿತು.

ನಮ್ಮಲ್ಲೂ 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಬಂತು. 2016ರ ಹೊತ್ತಿಗೆ 400 ರೂಪಾಯಿಯಾಯಿತು. ಸ್ವಚ್ಛ ಇಂಧನಕ್ಕೆಂದು ಶುರುವಾದ ಈ ವಸೂಲಿ, 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳ ನಷ್ಟ ತುಂಬುವ ಸೆಸ್ ಆಗಿ ಬದಲಾಯಿತು.

ಹಾಗಾಗಿ ಇಂಗಾಲಕ್ಕೆ ಬೆಲೆ ಬೇಕು, ಆದರೆ ಅದೊಂದೇ ಸಾಲದು. ಇಂಥ ತೆರಿಗೆಯ ಸುದ್ದಿ ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳಿ: ಹೊಗೆ ಬಿಡುವವನಿಗೆ ಬೇರೆ ದಾರಿ ಮಾಡಿಕೊಟ್ಟಿದ್ದಾರೆಯೇ? ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ?